ಚೀಲ ಬಿಚ್ಚುವ ಮೊದಲು ಚೀಟಿ ಓದು

ಪ್ರಶ್ನೆ: ನಾನು ಬದಿಯಡ್ಕದ ಹತ್ತಿರದವನು, ಪ್ಲಸ್ ಟು ಓದುತ್ತಿದ್ದೇನೆ. ಅಣ್ಣ ಬಿಟ್ಟುಹೋದ ಕಂಪ್ಯೂಟರಲ್ಲಿ ಒಂದು ಹಳೇ ಗೇಮ್ ಇದೆ. ಫೋಲ್ಡರ್ ತೆರೆದರೆ ‘ಪಾಕ್’ ಎಂದು ಕೊನೆಯಾಗುವ ಒಂದೇ ದೊಡ್ಡ ಫೈಲು. ಚಿತ್ರ, ಸದ್ದು, ಮಾತು ಎಲ್ಲ ಅದರೊಳಗೇ ಇರಬೇಕು. ಆ ಮಾತುಗಳನ್ನು ಕನ್ನಡಕ್ಕೆ ಮಾಡಿ ತಂಗಿಗೆ ಆಡಿಸಬೇಕು ಅಂತ ಆಸೆ. ಫೈಲಿನ ಹೆಸರು ಜಿಪ್ ಅಂತ ಬದಲಿಸಿ ನೋಡಿದೆ, ತೆರೆಯಲಿಲ್ಲ. ಇಂಟರ್ನೆಟ್ಟಲ್ಲಿ ಸಿಕ್ಕಿದ ಎರಡು ಸ್ಕ್ರಿಪ್ಟ್ ಹಾಕಿದೆ, ಎರಡೂ ಎರರ್. ಶಾಲೆಯಲ್ಲಿ ಪೈಥಾನ್ ಸ್ವಲ್ಪ ಕಲಿತಿದ್ದೇನೆ. ನಾನೇ ಬರೆಯಬಹುದಾ ಮಾಷ್ಟ್ರೇ?

ಉತ್ತರ: ನಾನು ಮಾಷ್ಟ್ರಲ್ಲ ಮಾರಾಯ. ಬೆಳಗ್ಗೆ ಅಡಿಕೆ ತೋಟ, ಹತ್ತು ಗಂಟೆಯ ಮೇಲೆ ಪೆರ್ಲದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಆದರೂ ಕರೆದದ್ದು ಖುಷಿಯಾಯಿತು, ಇರಲಿ.

ಬರೆಯಬಹುದು. ಇಪ್ಪತ್ತು ಸಾಲು ಸಾಕು. ಆದರೆ ನೀನು ಶುರು ಮಾಡಿದ್ದು ತಪ್ಪು ಕಡೆಯಿಂದ. ‘ಪಾಕ್’ ಎನ್ನುವುದು ಒಂದೇ ಜಾತಿಯ ಫೈಲ್ ಅಲ್ಲ. ಬೇರೆ ಬೇರೆ ಕಂಪನಿಯವರು ಅದೇ ಹೆಸರಿಟ್ಟು ಒಳಗೆ ಬೇರೆ ಬೇರೆ ರೀತಿ ತುಂಬಿದ್ದಾರೆ. ಅಡಿಕೆ ಗೋಣಿ ಹೊರಗಿಂದ ಎಲ್ಲ ಒಂದೇ ಥರ ಕಾಣುತ್ತದೆ. ಒಳಗಿರುವುದು ಪಟೋರವೋ ಕರಿಗೋಟೋ ಅಂತ ಚೀಟಿ ನೋಡಿದರೇ ಗೊತ್ತು. ಇನ್ನೊಬ್ಬರ ಗೇಮಿಗೆ ಬರೆದ ಸ್ಕ್ರಿಪ್ಟ್ ನಿನ್ನ ಫೈಲಿಗೆ ಎರರ್ ಕೊಟ್ಟರೆ ಅದು ಸ್ಕ್ರಿಪ್ಟಿನ ತಪ್ಪಲ್ಲ.

ಹಾಗಾಗಿ ಮೊದಲು ಒಂದು ಹೆಕ್ಸ್ ಎಡಿಟರ್ ಹಾಕಿಕೊ, ಪುಕ್ಕಟೆ ಸಿಗುತ್ತದೆ. ಫೈಲಿನ ಒಂದೊಂದು ಬೈಟನ್ನೂ ಹದಿನಾರರ ಲೆಕ್ಕದ ಎರಡಂಕಿಯಾಗಿ, ಪಕ್ಕದಲ್ಲಿ ಅಕ್ಷರವಾಗಿ ತೋರಿಸುವ ಪ್ರೋಗ್ರಾಮ್ ಅದು. ಫೈಲ್ ತೆರೆದು ಮೊದಲ ನಾಲ್ಕು ಬೈಟ್ ನೋಡು. ಅಲ್ಲಿ ‘ಪಿಕೆ’ ಎಂಬ ಎರಡಕ್ಷರ ಇದ್ದರೆ ಅದು ಜಿಪ್. ಜಿಪ್ ಮಾಡಿದ ಫಿಲ್ ಕಾಟ್ಜ್ ಎಂಬವನ ಹೆಸರಿನ ಮೊದಲಕ್ಷರಗಳು ಅವು. 1999ರ ಕ್ವೇಕ್ 3 ಗೇಮಿನ ಫೈಲೂ ಜಿಪ್ಪೇ, ಹೆಸರಿನ ಕೊನೆ ಮಾತ್ರ ಬೇರೆ. ನಿನ್ನದು ಜಿಪ್ ಆಗಿ ತೆರೆಯಲಿಲ್ಲ ಅಂದಮೇಲೆ ಇದು ಇರಲಿಕ್ಕಿಲ್ಲ. ‘ಐಡಬ್ಲ್ಯೂಎಡಿ’ ಇದ್ದರೆ 1993ರ ಡೂಮ್ ಗೇಮಿನ ‘ವ್ಯಾಡ್’ ಎಂಬ ಇಂಥದ್ದೇ ಚೀಲ. ‘ಪಿಎಸಿಕೆ’ ಇದ್ದರೆ 1996ರ ಕ್ವೇಕ್ ಗೇಮಿನ ಪಾಕ್, ಅಥವಾ ಅದೇ ಎಂಜಿನ್ (ಗೇಮ್ ಓಡಿಸುವ ಮೂಲ ಪ್ರೋಗ್ರಾಮ್) ಮೇಲೆ ಕಟ್ಟಿದ ಇನ್ನೊಂದು ಗೇಮ್.

ಕ್ವೇಕ್ ಪಾಕನ್ನೇ ಹೇಳುತ್ತೇನೆ, ಕಲಿಯಲಿಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆ ನಾಲ್ಕು ಅಕ್ಷರ ಆದಮೇಲೆ ನಾಲ್ಕು ಬೈಟಿನ ಎರಡು ಸಂಖ್ಯೆ. ಮೊದಲನೆಯದು, ಒಳಗಿನ ಫೈಲುಗಳ ಪಟ್ಟಿ ಎಲ್ಲಿ ಶುರುವಾಗುತ್ತದೆ ಅಂತ. ಎರಡನೆಯದು, ಪಟ್ಟಿ ಎಷ್ಟು ಉದ್ದ ಅಂತ. ಪಟ್ಟಿ ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ. ಯಾಕೆ ಅಂದರೆ ಎಲ್ಲ ತುಂಬಿ ಆದಮೇಲೆ ತಾನೇ ಯಾವುದು ಎಲ್ಲಿ ಕೂತಿದೆ ಅಂತ ಗೊತ್ತಾಗುವುದು? ಪಟ್ಟಿಯ ಒಂದೊಂದು ಸಾಲಿಗೂ 64 ಬೈಟ್. ಹೆಸರಿಗೆ 56, ಜಾಗಕ್ಕೆ 4, ಅಳತೆಗೆ 4. ಅಷ್ಟೇ. ಸಾಲು ಓದು, ಹೇಳಿದ ಜಾಗಕ್ಕೆ ಹೋಗು, ಅಷ್ಟು ಬೈಟ್ ತೆಗೆ, ಆ ಹೆಸರಲ್ಲಿ ಸೇವ್ ಮಾಡು, ಮುಂದಿನ ಸಾಲು.

ಇಷ್ಟು ಸುಲಭದ್ದರಲ್ಲಿ ನಾನು ಎರಡು ದಿನ ಕಳೆದೆ. ಡೂಮ್ ವ್ಯಾಡಿಗೆ ಮೊದಲೇ ಒಂದು ಸ್ಕ್ರಿಪ್ಟ್ ಬರೆದಿದ್ದೆ. ಅದರಲ್ಲಿ ನಾಲ್ಕು ಅಕ್ಷರ ಆದ ಕೂಡಲೇ ಫೈಲುಗಳ ಲೆಕ್ಕ, ಆಮೇಲೆ ಪಟ್ಟಿಯ ಜಾಗ. ಕ್ವೇಕಿಗೆ ಅದನ್ನೇ ತಿದ್ದಿದೆ, ಎರಡರ ಜಾಗ ಅದಲು ಬದಲು ಮಾಡಿದೆ. ಓಡಿಸಿದರೆ ಫೈಲುಗಳು ಚಂದಕ್ಕೆ ಬಂದವು. 339 ಬಂದದ್ದೇ ‘64 ಬೈಟ್ ಬೇಕು, ಸಿಗಲಿಲ್ಲ’ ಅಂತ ಎರರ್ ಹಾಕಿ ನಿಂತಿತು. ಸಿಡಿಯಲ್ಲಿ ಗೀರು ಬಿದ್ದಿರಬೇಕು ಅಂದುಕೊಂಡೆ. ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಕಾಪಿ ಮಾಡಿದೆ. ಮತ್ತೆ 339. ಆಷಾಢದ ಮಳೆ ಬೇರೆ, ನಡುನಡುವೆ ಕರೆಂಟು ಹೋಗುವುದು, ಕಾಪಿ ಮೊದಲಿಂದ ಶುರು. ಎರಡನೇ ದಿನ ಸಂಜೆ ಸುಮ್ನೆ ಕೂತು ಆ ಎರಡನೇ ಸಂಖ್ಯೆಯನ್ನು ಪ್ರಿಂಟ್ ಮಾಡಿದೆ. 21,696. ನನ್ನ ಸ್ಕ್ರಿಪ್ಟ್ ಇಪ್ಪತ್ತೊಂದು ಸಾವಿರ ಫೈಲ್ ಹುಡುಕುತ್ತಿತ್ತು! ಅದು ಫೈಲುಗಳ ಲೆಕ್ಕ ಅಲ್ಲ, ಪಟ್ಟಿಯ ಬೈಟುಗಳ ಲೆಕ್ಕ. 64ರಿಂದ ಭಾಗಿಸಿದರೆ ಸರಿಯಾಗಿ 339. ಎಲ್ಲ ಫೈಲೂ ಮೊದಲ ಸಲವೇ ಬಂದಾಗಿತ್ತು. ಕ್ವೇಕಿನ ಸೋರ್ಸ್ ಕೋಡ್ 1999ರಿಂದ ಎಲ್ಲರಿಗೂ ಸಿಗುತ್ತದೆ, ಅದರಲ್ಲೂ ಇದೇ 339 ಬರೆದಿದ್ದಾರೆ. ಸಿಡಿಯನ್ನು ಬೈದದ್ದು ಸುಮ್ಮನೆ.

ಈಗ ನಿನ್ನ ಫೈಲು. ಗುರುತಿನ ಅಕ್ಷರ ಯಾವುದೂ ಹೊಂದದಿದ್ದರೆ ಸಂಖ್ಯೆಗಳನ್ನು ಊಹಿಸಬೇಕು. ಕಂಪ್ಯೂಟರ್ ಗೇಮುಗಳಲ್ಲಿ ಸಂಖ್ಯೆಯನ್ನು ಜಾಸ್ತಿಯಾಗಿ ಹಿಂದುಮುಂದಾಗಿ ಬರೆದಿರುತ್ತಾರೆ. 339 ಎಂಬುದು ಹದಿನಾರರ ಲೆಕ್ಕದಲ್ಲಿ ‘53 01 00 00’ ಅಂತ ಕಾಣುತ್ತದೆ. ಎಡದಿಂದ ಓದಿದರೆ ಕೋಟಿಗಟ್ಟಲೆಯ ಸಂಖ್ಯೆ ಬಂದೀತು. ಪೈಥಾನಿನ ‘ಸ್ಟ್ರಕ್ಟ್’ ಮಾಡ್ಯೂಲ್ ಇದನ್ನು ಓದಿಕೊಡುತ್ತದೆ, ಅದಕ್ಕೆ ಕೊಡುವ ನಮೂನೆಯ ಮೊದಲಿಗೆ ‘ಲೆಸ್ ದ್ಯಾನ್’ ಚಿಹ್ನೆ ಹಾಕಲು ಮರೆಯಬೇಡ. ಸಿಕ್ಕಿದ ಸಂಖ್ಯೆ ಇಡೀ ಫೈಲಿಗಿಂತ ಚಿಕ್ಕದಿದ್ದರೆ ಆ ಜಾಗಕ್ಕೆ ಹಾರಿ ನೋಡು. ಅಲ್ಲಿ ಓದಲಿಕ್ಕೆ ಬರುವ ಹೆಸರುಗಳು ಸಾಲಾಗಿ ಕಂಡರೆ ಪಟ್ಟಿ ಸಿಕ್ಕಿತು ಅಂತ ಲೆಕ್ಕ. ಒಂದು ಹೆಸರಿನಿಂದ ಮುಂದಿನ ಹೆಸರಿಗೆ ಎಷ್ಟು ಬೈಟ್ ಅಂತ ಬೆರಳಿಟ್ಟು ಎಣಿಸು. ಹೆಸರನ್ನು ಮೊದಲ ಸೊನ್ನೆ ಬೈಟಿನಲ್ಲೇ ಕತ್ತರಿಸು, ಅದರಾಚೆ ಕಸ ಇರಬಹುದು. ಹೆಸರಿನೊಳಗೆ ಓರೆಗೆರೆ ಇದ್ದರೆ ಅಷ್ಟು ಫೋಲ್ಡರ್ ನೀನೇ ಮಾಡಿಕೊಡಬೇಕು.

ಹೊರಗೆ ಬಂದ ಫೈಲ್ ತೆರೆಯದಿದ್ದರೆ ಅದರ ಮೊದಲ ಬೈಟ್ ನೋಡು. 89 ಆದಮೇಲೆ ‘ಪಿಎನ್‌ಜಿ’ ಅಂತಿದ್ದರೆ ಚಿತ್ರ. ‘ಓಜಿಜಿಎಸ್’ ಇದ್ದರೆ ಸದ್ದು. 78ರಿಂದ ಶುರುವಾದರೆ ಹೆಚ್ಚಾಗಿ ಜೆಡ್‌ಲಿಬ್‌ನಲ್ಲಿ ಒತ್ತಿ ಕುಗ್ಗಿಸಿದ್ದು. ಪೈಥಾನಲ್ಲಿ ಅದೇ ಹೆಸರಿನ ಮಾಡ್ಯೂಲ್ ಇದೆ, ಒಂದೇ ಸಾಲಲ್ಲಿ ಬಿಚ್ಚುತ್ತದೆ. ಇದೆಲ್ಲ ತಿಳಿದಮೇಲೆ ಬೇಕಾದರೆ ಇಟಲಿಯ ಲುಯಿಜಿ ಔರಿಯೆಮ್ಮಾ ಮಾಡಿದ ಕ್ವಿಕ್‌ಬಿಎಂಎಸ್ ಹಾಕಿಕೊ. ಇದೇ ಕೆಲಸಕ್ಕೆಂದೇ ಇರುವ ಪುಟ್ಟ ಸ್ಕ್ರಿಪ್ಟ್ ಭಾಷೆ ಅದರಲ್ಲಿದೆ. ಮೊದಲೇ ಅದಕ್ಕೆ ಹೋದರೆ ಸಾಲು ಕಾಪಿ ಹೊಡೆಯುತ್ತೀ, ಕಲಿಯುವುದಿಲ್ಲ.

ತಂಗಿಯ ಕನ್ನಡದ ವಿಷಯ ಇದಕ್ಕಿಂತ ಕಷ್ಟ, ಈಗಲೇ ಹೇಳಿಬಿಡುತ್ತೇನೆ. ಹಳೇ ಗೇಮುಗಳು ಒಂದು ಬೈಟಿಗೆ ಒಂದು ಅಕ್ಷರ ಅಂತ ಲೆಕ್ಕ ಹಾಕಿ, ಅಕ್ಷರದ ಚಿತ್ರಗಳನ್ನು ಸಾಲಾಗಿ ಜೋಡಿಸುತ್ತವೆ. ‘ಅಕ್ಕ’ ಅಂತ ಬರೆದರೆ ನಮಗೆ ಎರಡೇ ಅಕ್ಷರ. ಈಗ ಕನ್ನಡವನ್ನು ಕಂಪ್ಯೂಟರಲ್ಲಿ ಬರೆದಿಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಅದು ಅ, ಕ, ಅರ್ಧಾಕ್ಷರದ ಚಿಹ್ನೆ, ಮತ್ತೆ ಕ, ಒಟ್ಟು ನಾಲ್ಕು. ಒಂದೊಂದಕ್ಕೂ ಮೂರು ಬೈಟ್, ಅಲ್ಲಿಗೆ ಹನ್ನೆರಡು. ಒತ್ತಕ್ಷರ ಕೆಳಗೆ ಕೂರಿಸುವುದು ಆ ಗೇಮಿಗೆ ಗೊತ್ತೇ ಇಲ್ಲ, ಪರದೆ ಮೇಲೆ ಹನ್ನೆರಡು ಕಸ ಕಾಣುತ್ತದೆ. ಹಾಗಾಗಿ ಮಾತಿಗೆ ಕೈ ಹಾಕಬೇಡ, ಚಿತ್ರದಿಂದ ಶುರು ಮಾಡು. ಮೆನುವಿನ ‘ಸ್ಟಾರ್ಟ್’ ಚಿತ್ರವಾಗಿದ್ದರೆ ಅದೇ ಅಳತೆಯಲ್ಲಿ ‘ಶುರು’ ಅಂತ ಬರೆದು ಹಾಕು. ಹೊಸ ಚಿತ್ರ ಬೈಟಿನಲ್ಲಿ ದೊಡ್ಡದಾದರೆ ಹಳೇ ಜಾಗದಲ್ಲಿ ತುರುಕಬೇಡ, ಪಕ್ಕದ ಫೈಲ್ ಹಾಳಾಗುತ್ತದೆ. ಪಾಕಿನ ಕೊನೆಗೆ ಸೇರಿಸಿ, ಪಟ್ಟಿಯ ಆ ಸಾಲಲ್ಲಿ ಜಾಗ ಮತ್ತು ಅಳತೆ ಎರಡನ್ನೂ ತಿದ್ದು. ಮಾಡುವುದೆಲ್ಲ ಕಾಪಿಯ ಮೇಲೆ, ಅಣ್ಣನ ಫೈಲ್ ಹಾಗೇ ಇರಲಿ.

ಆಗದಿದ್ದರೆ ಹೆಕ್ಸ್ ಎಡಿಟರಿನ ಮೊದಲ ಪರದೆಯ ಫೋಟೋ ಕಳಿಸು. ಇಡೀ ಫೈಲ್ ಕಳಿಸಬೇಡ.

ಪ್ರಶ್ನೆ: ನಮ್ಮ ಮಗನೂ ಗೇಮಿನ ಫೈಲ್ ಒಡೆಯುತ್ತೇನೆ ಅಂತ ರಾತ್ರಿಯೆಲ್ಲ ಕೂರುತ್ತಾನೆ. ಇದು ಕಳ್ಳತನ ಅಲ್ವಾ? ಪೊಲೀಸ್ ಕೇಸ್ ಆಗುತ್ತದಾ? (ಮಂಜೇಶ್ವರದಿಂದ ಒಬ್ಬ ತಾಯಿ)

ಉತ್ತರ: ಅಮ್ಮಾ, ‘ಒಡೆಯುವುದು’ ಅನ್ನುವ ಮಾತಿಗೇ ನೀವು ಹೆದರಿದ್ದು ಅನಿಸುತ್ತದೆ. ದುಡ್ಡು ಕೊಟ್ಟು ತಂದ ಗೇಮು ಹೇಗೆ ಕೆಲಸ ಮಾಡುತ್ತದೆ ಅಂತ ನೋಡಿ ಕಲಿಯಲಿಕ್ಕೆ ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲೇ ಜಾಗ ಇದೆ. ಆದರೆ ಒಳಗಿನ ಚಿತ್ರ, ಹಾಡು ತೆಗೆದು ಊರಿಗೆಲ್ಲ ಹಂಚಬಾರದು, ಮಾರಬಾರದು. ಕಾಪಿ ಮಾಡದಂತೆ ಹಾಕಿದ ಬೀಗ ಮುರಿಯುವುದು ಬೇರೆಯೇ ವಿಷಯ, 2012ರ ತಿದ್ದುಪಡಿಯಲ್ಲಿ ಅದಕ್ಕೆ ಶಿಕ್ಷೆ ಸೇರಿಸಿದ್ದಾರೆ. ಮಗನ ಹತ್ತಿರ ಎರಡೇ ಕೇಳಿ: ಗೇಮು ಎಲ್ಲಿಂದ ಬಂತು, ತೆಗೆದದ್ದನ್ನು ಯಾರಿಗೆ ಕಳಿಸಿದೆ. ಇನ್ನು ರಾತ್ರಿಯೆಲ್ಲ ಕೂರುವುದಕ್ಕೆ ನನ್ನ ಒಪ್ಪಿಗೆಯೂ ಇಲ್ಲ. ಹತ್ತು ಗಂಟೆಗೆ ಸ್ವಿಚ್ ಆಫ್ ಮಾಡಿ. ಬೈಟುಗಳು ಬೆಳಗ್ಗೆಯೂ ಅಲ್ಲೇ ಇರುತ್ತವೆ ಅಂತ ನಾನು ಹೇಳಿದೆ ಅನ್ನಿ.