ಅಮೆರಿಕದಿಂದ ತರಿಸಿದ ಅನ್‌ಲಾಕ್ಡ್ ಫೋನ್ ನಮ್ಮ ಕಡೆ ನಡೆಯುತ್ತಾ?

ನಿಮ್ಮ ಅಣ್ಣ ಅಮೆರಿಕದಿಂದ ಬರುವಾಗ ಅಪ್ಪನಿಗೆ ಒಂದು ಸೆಕೆಂಡ್ ಹ್ಯಾಂಡ್ ಫೋನ್ ತರುತ್ತಾರೆ. ಅಪ್ಪ ಇರುವುದು ಶಿಗ್ಗಾವಿ ಹತ್ತಿರದ ಹಳ್ಳಿಯಲ್ಲಿ, ಸಿಮ್ ಜಿಯೋದ್ದು. ಫೋನ್ ಅನ್‌ಲಾಕ್ಡ್ ಅಂತ ಮಾರುವವರು ಹೇಳಿದ್ದಾರೆ, ಸಾಕಾ ಅಂತ ಕೇಳಿದ್ದೀರಿ. ಸಾಲದು. ನಾನೂ ಅದೊಂದೇ ಮಾತು ನಂಬಿ ಕೈ ಸುಟ್ಟುಕೊಂಡವನು.

ಅನ್‌ಲಾಕ್ಡ್ ಅಂದರೆ ಯಾವ ಕಂಪನಿಯ ಸಿಮ್ ಹಾಕಿದರೂ ಫೋನ್ ತಕರಾರು ಮಾಡೋದಿಲ್ಲ, ಅಷ್ಟೇ. ಆ ಕಂಪನಿಯ ಟವರ್ ಯಾವ ಬ್ಯಾಂಡಿನಲ್ಲಿ, ಅಂದರೆ ರೇಡಿಯೋ ಅಲೆಗಳ ಯಾವ ಪಟ್ಟಿಯಲ್ಲಿ, ಸಿಗ್ನಲ್ ಬಿಡುತ್ತದೋ ಅದನ್ನು ಹಿಡಿಯುವುದು ಫೋನಿಗೆ ಗೊತ್ತಿರಬೇಕು. ಹಿಂದೆ ನಮ್ಮ ಮನೆಯಲ್ಲಿ ಧಾರವಾಡ ಆಕಾಶವಾಣಿ ಕೇಳುತ್ತಿದ್ದದ್ದು ಮೀಡಿಯಂ ವೇವ್‌ನಲ್ಲಿ. ಬರೀ ಎಫ್‌ಎಂ ಇರುವ ಸೆಟ್ ತಂದು ಎಷ್ಟು ತಿರುವಿದರೂ ಅದು ಸಿಗುತ್ತಿರಲಿಲ್ಲ. ಇದೂ ಹಾಗೇ.

ನನ್ನದು ಜಪಾನ್ ಫೋನ್. ಅಲ್ಲಿನ ಒಂದು ಕಂಪನಿಗೆಂದೇ ತಯಾರಾದದ್ದು, ಹುಬ್ಬಳ್ಳಿಯಲ್ಲಿ ಅರ್ಧ ರೇಟಿಗೆ ಸಿಕ್ಕಿತು. ಕೊಪ್ಪೀಕರ್ ರಸ್ತೆಯಲ್ಲಿ ನಿಂತು ನೋಡಿದರೆ ಫುಲ್ ಸಿಗ್ನಲ್. ಕಾರ ಹುಣ್ಣಿಮೆಗೆ ಊರಿಗೆ ಹೋದೆ, ಮುಳಗುಂದದ ಕಡೆ. ನಮ್ಮದು ಹಳೇ ಮಾಳಿಗೆ ಮನೆ, ಎರಡು ಮೊಳ ದಪ್ಪದ ಮಣ್ಣಿನ ಗೋಡೆ. ಕಟ್ಟೆ ಮೇಲೆ ಎರಡು ಕಡ್ಡಿ ಇದ್ದದ್ದು ಪಡಸಾಲೆಗೆ ಬಂದ ಕೂಡಲೇ ಹೋಯಿತು. ಬೆಳಕಿಂಡಿ ಕೆಳಗೆ ಕೈ ಎತ್ತಿ ನಿಂತರೆ ಒಂದು ಕಡ್ಡಿ. ಕೊನೆಗೆ ಏಣಿ ಹತ್ತಿ ಮಾಳಿಗೆ ಮೇಲೆ ಹೋಗಿ ಮಾತಾಡಿದೆ. ಕೆಳಗೆ ಅವ್ವ ಅದೇ ಕಂಪನಿಯ ಸಿಮ್ ಇರುವ ತನ್ನ ಆರು ಸಾವಿರದ ಫೋನಿನಲ್ಲಿ ಆರಾಮಾಗಿ ಭಜನೆ ನೋಡುತ್ತಿದ್ದಳು. "ಅಷ್ಟ್ ರೊಕ್ಕಾ ಕೊಟ್ಟು ಇದನ್ನ ತಂದಿಯೇನಪಾ?" ಅಂದಳು. ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಬ್ಯಾಂಡ್ ಪಟ್ಟಿ ನೋಡಿದ ಮೇಲೆ. ಜಿಯೋ 4ಜಿ ಮೂರು ಬ್ಯಾಂಡಿನಲ್ಲಿ ನಡೆಯುತ್ತದೆ: ಬ್ಯಾಂಡ್ 5 ಅಂದರೆ 850 ಮೆಗಾಹರ್ಟ್ಜ್, ಬ್ಯಾಂಡ್ 3 ಅಂದರೆ 1800, ಬ್ಯಾಂಡ್ 40 ಅಂದರೆ 2300. ಮೆಗಾಹರ್ಟ್ಜ್ ಕಡಿಮೆ ಇದ್ದಷ್ಟೂ ಅಲೆ ದೂರ ಹೋಗುತ್ತದೆ, ಗೋಡೆ ದಾಟಿ ಒಳಗೂ ಬರುತ್ತದೆ. 2300ರಲ್ಲಿ ಡೇಟಾ ಜಾಸ್ತಿ ಹರಿಯುತ್ತದೆ, ಆದರೆ ಬೇಗ ಸುಸ್ತಾಗುತ್ತದೆ. ನನ್ನ ಫೋನಿನಲ್ಲಿ ಈ ಮೂರರಲ್ಲಿ ಇದ್ದದ್ದು ಬ್ಯಾಂಡ್ 3 ಒಂದೇ. ಟವರ್ ಪಕ್ಕದಲ್ಲೇ ಇರುವ ಹುಬ್ಬಳ್ಳಿಗೆ ಅದು ಸಾಕು, ಟವರಿನಿಂದ ಮೂರು ಕಿಲೋಮೀಟರ್ ಆಚೆಯ ಮಾಳಿಗೆ ಮನೆಗೆ ಸಾಲದು. ಅವ್ವನ ಫೋನಿನಲ್ಲಿ ಬ್ಯಾಂಡ್ 5 ಇತ್ತು.

ಸುದೈವಕ್ಕೆ ಬ್ಯಾಂಡ್ 5 ಅಮೆರಿಕದಲ್ಲೂ ಬಳಕೆಯಲ್ಲಿದೆ, ಹಾಗಾಗಿ ನಿಮ್ಮ ಫೋನಿನಲ್ಲಿ ಅದು ಇರುವ ಸಾಧ್ಯತೆ ಜಾಸ್ತಿ. ದುಬಾರಿ ಫೋನ್ ಆದರೆ ಸಾಮಾನ್ಯವಾಗಿ ಮೂರೂ ಇರುತ್ತವೆ. ಅಲ್ಲಿನ ಸಿಮ್ ಕಂಪನಿಗಳು ಮಾರುವ ಅಗ್ಗದ ಮಾದರಿಗಳಲ್ಲಿ 40 ಇಲ್ಲದೇ ಇರೋದು ಉಂಟು. 12, 13, 66, 71 ಅಂತ ಉದ್ದಕ್ಕೆ ಬರೆದಿರುತ್ತಾರೆ, ಅವೆಲ್ಲ ಅಲ್ಲಿಗೆ. ನೋಡಿ ಮರುಳಾಗಬೇಡಿ. 5ಜಿ ಬೇಕಿದ್ದರೆ ಎನ್28 ಮತ್ತು ಎನ್78 ಎಂಬ 5ಜಿ ಬ್ಯಾಂಡ್‌ಗಳು ಇರಲಿ, ಜೊತೆಗೆ ಸ್ಟ್ಯಾಂಡ್‌ಅಲೋನ್ 5ಜಿ, ಅಂದರೆ 4ಜಿಯ ಆಸರೆ ಇಲ್ಲದ 5ಜಿ, ನಡೆಸುವಂತಿರಲಿ. ಜಿಯೋ 5ಜಿ ಆ ಬಗೆಯದು.

ಇನ್ನೊಂದು, ಇದನ್ನು ಬಹಳ ಜನ ಮರೆಯುತ್ತಾರೆ. ಜಿಯೋಗೆ 2ಜಿ, 3ಜಿ ಇಲ್ಲವೇ ಇಲ್ಲ. ಕರೆ ಹೋಗಬೇಕಾದರೂ ವೋಲ್ಟಿ, ಅಂದರೆ 4ಜಿ ಮೇಲೆಯೇ ಕರೆ ನಡೆಸುವ ವ್ಯವಸ್ಥೆ ಬೇಕು. ಕೆಲವು ಹೊರದೇಶದ ಫೋನ್‌ಗಳಲ್ಲಿ ನಮ್ಮ ಕಂಪನಿಗಳ ವೋಲ್ಟಿ ಚಾಲೂ ಆಗೋದೇ ಇಲ್ಲ. ವಾಟ್ಸಾಪ್ ನಡೆಯುತ್ತದೆ, ಕರೆ ಬರೋದಿಲ್ಲ. ಏರ್‌ಟೆಲ್, ವಿಐ ಆದರೆ ಕರೆಗೆ 2ಜಿ ಇದೆ, ಹೇಗೋ ಮಾತಾಡಬಹುದು. ಅಪ್ಪನ ಕೈಯಲ್ಲಿ ಇರುವ ಫೋನ್ ಅಲ್ವಾ, ಕರೆಯೇ ಮುಖ್ಯ.

ಐಫೋನ್ ಆದರೆ ಅಮೆರಿಕದ 14ರಿಂದ ಮುಂದಿನ ಮಾದರಿಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಫೋನಿನೊಳಗೇ ಕೂಡಿಸಿದ ಇ-ಸಿಮ್ ಮಾತ್ರ. ಹಳ್ಳಿಯಲ್ಲಿ ಫೋನ್ ಕೆಟ್ಟರೆ ಸಿಮ್ ತೆಗೆದು ಬೇರೆಯದಕ್ಕೆ ಹಾಕೋಕೆ ಆಗಲ್ಲ. ನಾನಾದರೆ ಅಪ್ಪನಿಗೆ ಇದನ್ನು ತರಿಸುವುದಿಲ್ಲ.

ಅಣ್ಣನಿಗೆ ಈಗಲೇ ಹೇಳಿ: ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ತೆರೆದು ಮಾಡೆಲ್ ನಂಬರ್ ಪೂರ್ತಿ ಕಳಿಸಲಿ, ಕೊನೆಯ ಅಕ್ಷರದ ಸಮೇತ. ಒಂದೇ ಹೆಸರಿನ ಫೋನ್ ದೇಶಕ್ಕೊಂದು ಥರ ಇರುತ್ತದೆ, ವ್ಯತ್ಯಾಸ ಆ ನಂಬರಿನಲ್ಲಿ ಕಾಣುತ್ತದೆ. ಆ ನಂಬರಿನ ಬ್ಯಾಂಡ್ ಪಟ್ಟಿ ಕಂಪನಿಯ ಸೈಟಿನಲ್ಲಿ ಸಿಗುತ್ತದೆ. ಸಿಗದಿದ್ದರೆ ಕಾಮೆಂಟಿನಲ್ಲಿ ನಂಬರ್ ಹಾಕಿ, ನಾನೇ ನೋಡಿ ಹೇಳುತ್ತೇನೆ.

ನನ್ನ ಜಪಾನ್ ಫೋನ್ ಈಗಲೂ ಇದೆ. ಫೋಟೋ ಹೊಡೆದರೆ ಟಕ್ ಅನ್ನುತ್ತದೆ, ಆ ಸದ್ದು ಬಂದ್ ಮಾಡೋಕೂ ಬರಲ್ಲ, ಅಲ್ಲಿನ ಫೋನ್‌ಗಳು ಹಾಗೇ. ಊರಿಗೆ ಹೋಗುವಾಗ ಅದನ್ನು ಹುಬ್ಬಳ್ಳಿಯಲ್ಲೇ ಬಿಟ್ಟು ಹೋಗುತ್ತೇನೆ.