ಓದುಗರ ಪ್ರಶ್ನೆ, ಹೃದ್ರೋಗ ತಜ್ಞರ ಉತ್ತರ: ಕಲಿಯುತ್ತಿರುವ ವೈದ್ಯರ ಕೈಗೆ ಹೃದಯವನ್ನು ಒಪ್ಪಿಸಬಹುದೇ?

ಪ್ರಶ್ನೆ: ನನ್ನ ತಮ್ಮನಿಗೆ 46 ವರ್ಷ. ಕಳೆದ ತಿಂಗಳು ಎದೆನೋವು ಬಂದಾಗ ಮೊದಲು ಹಾಸನಕ್ಕೆ, ಅಲ್ಲಿಂದ ಒಂದು ದೊಡ್ಡ ಬೋಧನಾ ಆಸ್ಪತ್ರೆಗೆ ಕರೆದೊಯ್ದೆವು. ಆಂಜಿಯೋಗ್ರಾಂ ಮಾಡಿ ಒಂದು ಸ್ಟೆಂಟ್ ಹಾಕಿದರು, ಈಗ ಚೆನ್ನಾಗಿದ್ದಾನೆ. ಆದರೆ ಮಣಿಕಟ್ಟಿಗೆ ಸೂಜಿ ಚುಚ್ಚಿದವರು ಡಿ.ಎಂ. (ಹೃದ್ರೋಗ ತಜ್ಞರಾಗಲು ಬೇಕಾದ ಉನ್ನತ ಪದವಿ) ಓದುತ್ತಿರುವ ವೈದ್ಯರೆಂದು ಆಮೇಲೆ ಗೊತ್ತಾಯಿತು. ಬಡವರ ಮೇಲೆ ಹೀಗೆ ಕಲಿಯುವುದು ಸರಿಯೇ?
– ಮೂಡಿಗೆರೆ ತಾಲ್ಲೂಕಿನ ಓದುಗರು

ಉತ್ತರ: ಈ ಪ್ರಶ್ನೆಯನ್ನು ಆಸ್ಪತ್ರೆಯಲ್ಲಿದ್ದಾಗಲೇ ಕೇಳುವ ಅವಕಾಶ ನಿಮಗೆ ಸಿಗಬೇಕಿತ್ತು. ಸಿಗಲಿಲ್ಲವೆಂಬುದು ನಮ್ಮ ವೃತ್ತಿಯ ಲೋಪ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವಾಗ ಕೆಲಸ ಮಾಡುವವರು ಯಾರು, ಅವರ ಪಕ್ಕದಲ್ಲಿ ನಿಲ್ಲುವ ಹಿರಿಯರು ಯಾರು ಎಂಬುದನ್ನು ರೋಗಿಗೂ ಮನೆಯವರಿಗೂ ಕನ್ನಡದಲ್ಲಿ ತಿಳಿಸಿ ಹೇಳಲು ಎರಡು ನಿಮಿಷ ಸಾಕು.

‘ಓದುತ್ತಿರುವವರು’ ಎಂದ ಕೂಡಲೇ ಕಾಲೇಜು ಹುಡುಗರ ಚಿತ್ರ ಕಣ್ಣ ಮುಂದೆ ಬರುವುದು ಸಹಜ. ಆದರೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಎಂ.ಬಿ.ಬಿ.ಎಸ್., ಅದಾದ ಮೇಲೆ ಸಾಮಾನ್ಯವಾಗಿ ಜನರಲ್ ಮೆಡಿಸಿನ್‌ನಲ್ಲಿ ಮೂರು ವರ್ಷದ ಎಂ.ಡಿ. ಮುಗಿಸಿದವರಷ್ಟೇ ಹೃದ್ರೋಗದ ಡಿ.ಎಂ.ಗೆ ಬರುತ್ತಾರೆ. ಅಂದರೆ ನಿಮ್ಮ ತಮ್ಮನ ಕೈ ಹಿಡಿದವರು ತರಬೇತಿಗೆ ಸೇರುವ ಹೊತ್ತಿಗೇ ಎಂಟೂವರೆ ವರ್ಷ ವೈದ್ಯಶಾಸ್ತ್ರ ಕಲಿತು, ಫಿಜಿಷಿಯನ್ ಆಗಿ ಸ್ವತಂತ್ರವಾಗಿ ಚಿಕಿತ್ಸೆ ಕೊಡುವ ಅರ್ಹತೆ ಪಡೆದಿದ್ದವರು.

ಸೇರಿದ ಮರುದಿನವೇ ಅವರ ಕೈಗೆ ಯಾರೂ ರಕ್ತನಾಳದೊಳಗೆ ತೂರಿಸುವ ಕೊಳವೆ ಕೊಡುವುದಿಲ್ಲ. ಮೊದಲಿಗೆ ತೀವ್ರ ನಿಗಾ ಘಟಕದ ರಾತ್ರಿ ಪಾಳಿ, ರಾಶಿ ರಾಶಿ ಇ.ಸಿ.ಜಿ., ರೋಗಿಯನ್ನು ಎಡ ಮಗ್ಗುಲಿಗೆ ಮಲಗಿಸಿ ಮಾಡುವ ಎಕೋ, ಅಂದರೆ ಹೃದಯದ ಸ್ಕ್ಯಾನ್. ಆಂಜಿಯೋಗ್ರಾಂ ಮಾಡುವ ಕೋಣೆಯಾದ ಕ್ಯಾತ್ ಲ್ಯಾಬಿನೊಳಗೆ ವಿಕಿರಣ ತಡೆಯುವ ಸೀಸದ ಏಪ್ರನ್ ತೊಟ್ಟು ನಿಂತರೂ ಮೊದಲ ಕೆಲಸ ಕೊಳವೆಗಳನ್ನು ಸಲೈನಿನಿಂದ ತೊಳೆದು, ಗಾಳಿಯ ಗುಳ್ಳೆ ಉಳಿಯದಂತೆ ನೋಡಿಕೊಳ್ಳುವುದು. ಅದನ್ನು ಸಣ್ಣ ಕೆಲಸವೆಂದು ಭಾವಿಸಬೇಡಿ; ಒಂದು ಗುಳ್ಳೆ ಹೃದಯದ ರಕ್ತನಾಳಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ ಬರಬಹುದು.

ನಮ್ಮ ಕಾಲದಲ್ಲಿ ಮಣಿಕಟ್ಟಿನ ಬದಲು ತೊಡೆಯ ಸಂದಿನ ರಕ್ತನಾಳದಿಂದ ಹೋಗುತ್ತಿದ್ದೆವು. ನಾನು ಮೊದಲ ಸಲ ಸೂಜಿ ಹಿಡಿದ ದಿನ ನನ್ನ ಗುರುಗಳು ತಮ್ಮ ಎರಡು ಬೆರಳುಗಳನ್ನು ನನ್ನ ಬೆರಳುಗಳ ಮೇಲೆ ಇಟ್ಟು, “ಸೂಜಿಗೆ ಅವಸರವಿಲ್ಲ, ಮೊದಲು ನಾಡಿ ನಿನ್ನ ಬೆರಳಿಗೆ ಸಿಗಲಿ” ಎಂದಿದ್ದರು. ಕೆಲಸ ಮುಗಿದು ಕೊಳವೆ ತೆಗೆದ ಮೇಲೆ ರಕ್ತ ನಿಲ್ಲುವವರೆಗೆ, ಹದಿನೈದು ಇಪ್ಪತ್ತು ನಿಮಿಷ, ಆ ಜಾಗವನ್ನು ಕೈಯಿಂದ ಒತ್ತಿ ಹಿಡಿಯುವುದೂ ಕಿರಿಯರ ಪಾಲಿನದು. ಕೈ ಜೋಮು ಹಿಡಿಯುತ್ತಿತ್ತು. ಆದರೆ ಅಷ್ಟು ಹೊತ್ತು ರೋಗಿಯ ಮುಖದ ಹತ್ತಿರವೇ ನಿಂತಿರುತ್ತಿದ್ದುದರಿಂದ ಅವರ ಮನೆ, ಗದ್ದೆ, ಸಾಲ, ಬೀಡಿ ಎಲ್ಲ ತಿಳಿಯುತ್ತಿತ್ತು. ಯಾರು ಮಾತ್ರೆಯನ್ನು ಅರ್ಧಕ್ಕೇ ಬಿಟ್ಟಾರು ಎಂಬ ಅಂದಾಜು ನನಗೆ ಸಿಕ್ಕಿದ್ದು ಆ ಇಪ್ಪತ್ತು ನಿಮಿಷಗಳಲ್ಲಿ.

ಕೈಚಳಕ ಅಭ್ಯಾಸದಿಂದ ಬರುತ್ತದೆ. ಕಷ್ಟವಾದದ್ದು ತೀರ್ಮಾನ. ರಕ್ತನಾಳದಲ್ಲಿ ಕಾಣುವ ಪ್ರತಿಯೊಂದು ಅಡಚಣೆಗೂ ಸ್ಟೆಂಟ್ ಬೇಕಿಲ್ಲ. ಯಾವುದಕ್ಕೆ ಔಷಧ ಸಾಕು, ಯಾವುದನ್ನು ಬೈಪಾಸ್ ಶಸ್ತ್ರಚಿಕಿತ್ಸೆಗೆ ಕಳಿಸಬೇಕು ಎಂದು ಹೇಳಬಲ್ಲವರೇ ತಜ್ಞರು. ಬೋಧನಾ ಆಸ್ಪತ್ರೆಯಲ್ಲಿ ಹಿರಿಯರು ಕೂಡ ಕಿರಿಯರೆದುರು “ಇದನ್ನು ಬಿಟ್ಟರೆ ಏನಾಗುತ್ತದೆ?” ಎಂಬ ಪ್ರಶ್ನೆಗೆ ಕಾರಣ ಸಹಿತ ಉತ್ತರಿಸಬೇಕಾಗುತ್ತದೆ. ಒಬ್ಬರೇ ನೋಡಿ ಒಬ್ಬರೇ ನಿರ್ಧರಿಸುವ ಜಾಗಕ್ಕಿಂತ ಅಲ್ಲಿ ರೋಗಿಗೆ ಹೆಚ್ಚಿನ ರಕ್ಷಣೆಯಿದೆ ಎಂಬುದು ನನ್ನ ದೃಢ ಅಭಿಪ್ರಾಯ. ಆದರೆ ಹಿರಿಯರು ಲ್ಯಾಬಿನಲ್ಲಿರದೆ, ದೂರವಾಣಿಯಲ್ಲಿ ಸೂಚನೆ ಕೊಟ್ಟು, ಹೊಸಬರಿಂದ ಕೆಲಸ ಮಾಡಿಸಿದರೆ ಅದು ತರಬೇತಿಯಲ್ಲ, ಅಪರಾಧಕ್ಕೆ ಸಮಾನವಾದ ನಿರ್ಲಕ್ಷ್ಯ. ಅಂಥ ಸಂದರ್ಭದಲ್ಲಿ ನೀವು ಲಿಖಿತ ದೂರು ಕೊಡಬೇಕು.

1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆಯಲ್ಲಿ ವೆರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯ, ಹಿರಿಯರು ಒಪ್ಪದಿದ್ದರೂ, ತನ್ನದೇ ತೋಳಿನ ರಕ್ತನಾಳದಿಂದ ಹೃದಯದವರೆಗೆ ಕೊಳವೆ ತೂರಿಸಿಕೊಂಡು ಎಕ್ಸ್-ರೇ ತೆಗೆಸಿದ. 1956ರಲ್ಲಿ ಆತನಿಗೆ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಬೇರೆಯವರ ಮೈಮೇಲೆ ಪ್ರಯೋಗ ಮಾಡುವ ಮೊದಲು ಅಪಾಯವನ್ನು ತನ್ನ ಮೈಮೇಲೆ ಎಳೆದುಕೊಂಡ ಆ ಎಳೆಯ ವೈದ್ಯನನ್ನು ನಾನು ಪ್ರತಿ ಹೊಸ ತಂಡಕ್ಕೂ ನೆನಪಿಸುತ್ತಿದ್ದೆ.

ತಮ್ಮನಿಗೆ ಬರೆದುಕೊಟ್ಟಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ಹೃದ್ರೋಗ ತಜ್ಞರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ. ಹಲ್ಲು ಕೀಳಿಸಬೇಕಾಗಿ ಬಂದರೂ ಮೊದಲು ಅವರನ್ನು ಕೇಳಿ.

ಪ್ರಶ್ನೆ: ನನ್ನ ಮಗಳು ಜನರಲ್ ಮೆಡಿಸಿನ್‌ನಲ್ಲಿ ಎಂ.ಡಿ. ಎರಡನೇ ವರ್ಷದಲ್ಲಿದ್ದಾಳೆ. 2025ರಲ್ಲಿ ನಮ್ಮ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ಓದಿದಂದಿನಿಂದ ಹೃದ್ರೋಗ ತಜ್ಞೆಯಾಗುವ ಹಟ ಹಿಡಿದಿದ್ದಾಳೆ. ಇನ್ನೆಷ್ಟು ವರ್ಷ ಬೇಕು? ಹೆಣ್ಣುಮಕ್ಕಳಿಗೆ ಇದು ಆಗುವ ಕೆಲಸವೇ?
– ಅರಕಲಗೂಡು ತಾಲ್ಲೂಕಿನ ಓದುಗರು

ಉತ್ತರ: ಎಂ.ಡಿ. ಮುಗಿದ ಮೇಲೆ ನೀಟ್-ಎಸ್‌ಎಸ್ ಎಂಬ ಪ್ರವೇಶ ಪರೀಕ್ಷೆ, ಬಳಿಕ ಮೂರು ವರ್ಷದ ಡಿ.ಎಂ. ಅಥವಾ ಅದಕ್ಕೆ ಸಮಾನವಾದ ಡಿ.ಆರ್.ಎನ್.ಬಿ. ಏಮ್ಸ್‌ನಂಥ ರಾಷ್ಟ್ರೀಯ ಸಂಸ್ಥೆಗಳಿಗೆ ಪ್ರತ್ಯೇಕ ಪ್ರವೇಶ ಪರೀಕ್ಷೆಯಿದೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಜಯದೇವ ಸಂಸ್ಥೆ, ಮಣಿಪಾಲದ ಕೆ.ಎಂ.ಸಿ. ಮುಂತಾದೆಡೆ ಈ ತರಬೇತಿ ಲಭ್ಯ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ, ಭಾರತದ ಮೊದಲ ಮಹಿಳಾ ಹೃದ್ರೋಗ ತಜ್ಞೆ ಎನಿಸಿದ ಡಾ. ಎಸ್. ಪದ್ಮಾವತಿಯವರು 2020ರಲ್ಲಿ ನಿಧನರಾದಾಗ ಅವರಿಗೆ 103 ವರ್ಷವಾಗಿತ್ತು, ಇಳಿವಯಸ್ಸಿನಲ್ಲೂ ರೋಗಿಗಳನ್ನು ನೋಡುವುದನ್ನು ಅವರು ಬಿಟ್ಟಿರಲಿಲ್ಲ. ಭಾರದ ಏಪ್ರನ್ ತೊಟ್ಟು ಗಂಟೆಗಟ್ಟಲೆ ನಿಂತರೆ ಬೆನ್ನು ನೋಯುವುದು ಗಂಡು ಹೆಣ್ಣು ಎನ್ನದೆ ಎಲ್ಲರಿಗೂ ಇದ್ದದ್ದೇ. ಗರ್ಭಿಣಿಯಾದಾಗ ವಿಕಿರಣದ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಆ ತಿಂಗಳುಗಳಲ್ಲಿ ಎಕೋ, ವಾರ್ಡು, ಹೊರರೋಗಿ ವಿಭಾಗದ ಕೆಲಸಕ್ಕೆ ಬದಲಾಯಿಸಿಕೊಳ್ಳಬಹುದು. ಮದುವೆಯ ಮಾತುಕತೆಗೆ ಕೂರುವ ಮುನ್ನ ರಾತ್ರಿ ಪಾಳಿಯ ಸಂಗತಿಯನ್ನು ಎದುರಿನವರಿಗೆ ಬಿಚ್ಚಿ ಹೇಳಿ.

ನಿಮ್ಮ ಜಿಲ್ಲೆಯಲ್ಲಿ 2025ರ ಮೇ–ಜೂನ್ ತಿಂಗಳಲ್ಲಾದ ಸಾವುಗಳ ಬಗ್ಗೆ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ನೇಮಿಸಿತ್ತು. ಭಯಪಟ್ಟ ಜನ ತಪಾಸಣೆಗೆಂದು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನಿಂದಲೇ ಸಾಲುಗಟ್ಟಿದ್ದರು. ಆದರೆ ನಡುರಾತ್ರಿ ಎದೆ ಹಿಡಿದುಕೊಂಡು ಬರುವವರು ಮೊದಲು ತಲುಪುವುದು ತಾಲ್ಲೂಕು ಆಸ್ಪತ್ರೆಯನ್ನು. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದು ಬಂದವರಿಗೆ ಹತ್ತು ನಿಮಿಷದೊಳಗೆ ಇ.ಸಿ.ಜಿ. ತೆಗೆದು ಸರಿಯಾಗಿ ಓದುವವರು ಅಲ್ಲಿರಬೇಕು. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ (ಕೊಳವೆಯ ಮೂಲಕ ಕಟ್ಟಿಕೊಂಡ ರಕ್ತನಾಳ ತೆರೆಯುವುದು) ಸಾಧ್ಯವಿಲ್ಲದ ಊರಿನಲ್ಲಿ, ಇ.ಸಿ.ಜಿ.ಯಲ್ಲಿ ರಕ್ತನಾಳ ಪೂರ್ತಿ ಕಟ್ಟಿಕೊಂಡ ಲಕ್ಷಣವಿದ್ದು ಬೇರೆ ಅಡ್ಡಿಯಿಲ್ಲದಿದ್ದರೆ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲೇ ಕೊಟ್ಟು ಮುಂದಕ್ಕೆ ಕಳಿಸಬೇಕು. ಅದಕ್ಕೆ ಡಿ.ಎಂ. ಪದವಿ ಬೇಡ. ಮಗಳಿಗೆ ಹೇಳಿ, ಎಂ.ಡಿ.ಯ ಉಳಿದ ಅವಧಿಯಲ್ಲಿ ದಿನಕ್ಕೆ ಹತ್ತು ಇ.ಸಿ.ಜಿ.ಗಳನ್ನಾದರೂ ತಾನೇ ಓದಿ, ತನ್ನ ಅಭಿಪ್ರಾಯವನ್ನು ಬರೆದಿಟ್ಟು, ಆಮೇಲೆ ಹಿರಿಯರಿಗೆ ತೋರಿಸಲಿ. ಪ್ರವೇಶ ಪರೀಕ್ಷೆಯಲ್ಲಿ ಸೀಟು ಮೊದಲ ಸಲ ಕೈತಪ್ಪಿದರೂ, ಆ ಅಭ್ಯಾಸದ ಫಲ ಅರಕಲಗೂಡಿನಲ್ಲೇ ಅವಳಿಗೆ ಸಿಗುತ್ತದೆ.