ಬುಡೆನ್‌ಹೋಲ್ಜರ್ ಲೇಖನ ಈಗಿದ್ದಂಗ ಹಾಕಂಗಿಲ್ರಿ

ಗದಗಿಂದ ನೀವು ಕಳಸಿದ ಲೇಖನ ಪೂರ್ತಿ ಓದೀನ್ರಿ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎದ ಕೋಚ್ ಮೈಕ್ ಬುಡೆನ್‌ಹೋಲ್ಜರ್ ಲೀಗ್ ಮ್ಯಾಚ್‌ನ್ಯಾಗ ಹುಲಿ, ಪ್ಲೇಆಫ್ (ಲೀಗ್ ಮುಗದ ಮ್ಯಾಲ ಏಳರಾಗ ನಾಕು ಮ್ಯಾಚ್ ಗೆದ್ದವರು ಮುಂದಕ್ಕ ಹೋಗೋ ನಾಕೌಟ್ ಸೀರೀಸ್) ಬಂತಂದ್ರ ಇಲಿ, ಇದು ನಿಮ್ಮ ವಾದ. ಈಗಿದ್ದಂಗ ಹಾಕಂಗಿಲ್ಲ, ಮೊದಲ ಹೇಳಿಬಿಡ್ತೀನಿ, ಆದ್ರ ಕೈ ಬಿಡಬ್ಯಾಡ್ರಿ ಇದನ್ನ.

ಅಟ್ಲಾಂಟಾದಾಗ 2014-15ಕ್ಕ 60 ಗೆಲುವು, ಮಿಲ್ವಾಕಿಯೊಳಗ 2018-19ಕ್ಕ ಮತ್ತ 60, 2022-23ಕ್ಕ 58, ಇಷ್ಟು ಬರದು ಕೆಳಗ ಸೋತಿದ್ದರ ಪಟ್ಟಿ ಹಚ್ಚಿ "ಆದ್ದರಿಂದ ವಿಫಲ" ಅಂತ ಮುಗಿಸೀರಿ. ಲೀಗಿನ 82 ಮ್ಯಾಚಿನ್ಯಾಗ ಬಡಪಾಯಿ ಟೀಮೂ ಸಿಗ್ತಾವು, ಪ್ಲೇಆಫ್‌ನ್ಯಾಗ ಅವು ಇರಂಗಿಲ್ಲ, ಗೆಲುವಿನ ಪರ್ಸೆಂಟೇಜ್ ಇಳೀತು ಅಂದ ಕೂಡ್ಲೇ ಏನ್ ಸಿದ್ಧ ಆತು? 2015ರಾಗ ಕ್ಲೀವ್‌ಲ್ಯಾಂಡ್ 4-0 ಹೊಡದಾಗ ಅಟ್ಲಾಂಟಾದ ಸೆಫೊಲೊಶಾನ ಕಾಲು ಮುರದಿತ್ತು, ಅದೇ ಟೀಮಿನ ಕಾರ್ವರ್ ಸೀರೀಸ್ ನಡುವ ಗಾಯ ಆಗಿ ಕುಂತ, ಎದುರಿಗೆ ಲೆಬ್ರಾನ್‌ನಂಥಾ ದೊಡ್ಡ ಆಟಗಾರ. ಇದರದ್ದು ಒಂದ್ ಸಾಲೂ ಇಲ್ಲ.

ಇನ್ನ 2021. ನಿಮ್ಮ ವಾದಕ್ಕ ಕಷ್ಟ ಕೊಡೋ ವರ್ಷಾನ ಅದು, ಅದನ್ನ "ಅದೃಷ್ಟ" ಅಂದು ದಾಟಿ ಹೋಗೀರಿ. ಅಲ್ಲೇ ನಿಲ್ರಿ ಸ್ವಲ್ಪ. ಬ್ರೂಕ್ಲಿನ್ ಜೋಡಿ ಮಿಲ್ವಾಕಿಯ ಏಳನೇ ಮ್ಯಾಚು, ಕೊನೀ ಗಳಿಗಿಗೆ ಬ್ರೂಕ್ಲಿನ್‌ನ ಡ್ಯುರಾಂಟ್ ಹೊಡದ ಶಾಟ್ ಬಿತ್ತು, ಆದ್ರ ಬೂಟಿನ ತುದಿ ಮೂರು ಪಾಯಿಂಟಿನ ಗೆರಿ ಮ್ಯಾಲಿತ್ತು, ಹಿಂಗಾಗಿ ಎರಡ ಪಾಯಿಂಟು, 109-109, ಓವರ್‌ಟೈಮಿನ್ಯಾಗ ಮಿಲ್ವಾಕಿ 115-111. ಮುಂದ ಫೈನಲ್‌ನ್ಯಾಗ ಫೀನಿಕ್ಸ್ ಕೂಡ ಮೊದಲನೇ ಎರಡೂ ಸೋತು ಆಮ್ಯಾಲಿನ ನಾಕೂ ಗೆದ್ದು, 1971ರ ನಂತರ ಮೊದಲನೇ ಟೈಟಲ್. ಬೂಟು ಒಂದ್ ಬೆರಳು ಹಿಂದಿತ್ತಂದ್ರ ಅವತ್ತ ಈ ಕೋಚಿನ ಕೆಲಸಾನೂ ಹೋಗ್ತಿತ್ತೇನೋ. ಒಬ್ಬನ ಬುದ್ಧಿ ಇನ್ನೊಬ್ಬನ ಬೂಟಿನಿಂದ ಅಳೀತೀರೇನು?

ಹಂಗಂತ ನಾ ಅವನ ವಕೀಲಕಿ ಮಾಡಾಕತ್ತಿಲ್ಲ. ನಿಮ್ಮ ತೀರ್ಪು ಅರ್ಧಾ ಖರೇನ ಐತಿ, ಸಾಕ್ಷಿ ಮಾತ್ರ ಬ್ಯಾರೆ ಕಡೆ ಐತಿ. ಪ್ಲೇಆಫ್ ಅಂದ್ರ ಒಬ್ಬನ ಕೂಡಾನ ಏಳು ಸಲ ಕುಸ್ತಿ ಹಿಡದಂಗ, ಮೂರನೇ ಸಲಕ್ಕ ನಿಮ್ಮ ಪಟ್ಟು ಅವಗ ಬಾಯಿಪಾಠ. ಮಿಲ್ವಾಕಿಯ ಎತ್ತರದ ಆಟಗಾರ ಬ್ರೂಕ್ ಲೋಪೆಜ್‌ನ ರಿಂಗಿನ ಹತ್ರ ನಿಲ್ಸಿ, ಒಳಗ ಬರಬ್ಯಾಡ್ರಿ, ಬೇಕಾದ್ರ ದೂರಿಂದ ಹೊಡಕೋರಿ ಅನ್ನೋ ಡಿಫೆನ್ಸ್ ಲೀಗ್‌ನ್ಯಾಗ ಚೊಲೋ ನಡೀತು. 2019ರಾಗ ಟೊರೊಂಟೊ ಮ್ಯಾಲ ಮಿಲ್ವಾಕಿ 2-0 ಮುಂದಿತ್ತು, ಮೂರನೇ ಮ್ಯಾಚಿಂದ ಟೊರೊಂಟೊದವರು ಮಿಲ್ವಾಕಿಯ ಮುಖ್ಯ ಆಟಗಾರ ಯಾನಿಸ್‌ನ ತಡಿಯಾಕ ತಮ್ಮ ಕವಾಯ್ ಲೆನಾರ್ಡ್‌ನ ಬಿಟ್ರು, ಮಿಲ್ವಾಕಿಗೆ ಸಾಲಾಗಿ ನಾಕು ಸೋಲು. ಎದುರಿನವ ಆಟ ಬದಲ ಮಾಡಿದಾಗ ಈ ಮನಷ್ಯಾ ಏನ್ ಮಾಡಿದ, ಅದನ್ನ ಬರೀರಿ.

2023ರಿಂದಾನ ಶುರು ಮಾಡ್ರಿ ನನ್ನ ಕೇಳಿದ್ರ. ಎದುರಿಗೆ ಎಂಟನೇ ಸೀಡ್ (ಅಂದ್ರ ಕೊನೀ ಸ್ಥಾನದಿಂದ ಪ್ಲೇಆಫ್‌ಗೆ ಬಂದ) ಮಯಾಮಿ, ಯಾನಿಸ್ ಬೆನ್ನುನೋವಿಂದ ಎರಡ್ ಮ್ಯಾಚ್ ಆಡ್ಲಿಲ್ಲ, ಅದನ್ನೂ ಹೇಳ್ರಿ. ನಾಕನೇ ಮ್ಯಾಚಿಗೆ ಮಯಾಮಿಯ ಬಟ್ಲರ್ 56 ಪಾಯಿಂಟ್ ಹೊಡದ. ಐದನೇದಕ್ಕ ಅರ್ಧ ಸೆಕೆಂಡ್ ಉಳದಾಗ ಅವನ ಸಮ ಮಾಡಿದ, ಕೋಚ್ ಕೈಯಾಗ ಟೈಮ್‌ಔಟ್ ಇತ್ತು, ತಗೊಳ್ಳಲಿಲ್ಲ. ಓವರ್‌ಟೈಮಿನ ಕೊನೀಗೂ ತಗೊಳ್ಳಲಿಲ್ಲ, ಶಾಟ್ ಹೊಡಿಯೂದರಾಗ ಬಝರ್ ಆಗಿಹೋತು. ಇದು ಯಾರ ಬೂಟೂ ಅಲ್ಲ, ಅವನ ಕೈಯಾಗಿನ ಕೆಲಸ.

"ಅಗ್ನಿಪರೀಕ್ಷೆ" ಮೂರು ಸಲ, "ಚಾಣಕ್ಯ" ಎರಡು ಸಲ ಬಂದಾವು, ಎಲ್ಲಾ ಕಿತ್ತು ಒಗೀರಿ. ಮನ್ಯಾಗ ಎಲ್ರೂ ಮಲಗಿರ್ತಾರ ಅಂತ ನಸುಕಿನ್ಯಾಗ ಆವಾಜ್ ಬಂದ್ ಮಾಡಿ ಮ್ಯಾಚ್ ನೋಡ್ತೀನಿ, ಅದಕ್ಕ ಕಾಮೆಂಟ್ರಿ ಬಿಟ್ಟು ಕೋಚ್‌ನ ಮಾರಿ ನೋಡೋ ಚಟ ಹತ್ತೈತಿ ಅಂತ ನಾಕನೇ ಪುಟದಾಗ ಬರದೀರಲ್ಲ, ಇಡೀ ಲೇಖನದಾಗ ನಿಮ್ಮದು ಅನ್ನಿಸಿದ್ದು ಅದೊಂದ ಸಾಲು, ಅದನ್ನ ಮ್ಯಾಲ ತರ್ರಿ. 800 ಶಬ್ದ ದಾಟಸಬ್ಯಾಡ್ರಿ. ಮತ್ತ ಹೆಸರು ಒಂದ ಥರ ಇರ್ಲಿ, ಒಂದು ಪುಟದಾಗ ಯಾನಿಸ್ ಇದ್ದಾಂವ ಮುಂದಿನದರಾಗ ಜಿಯಾನಿಸ್ ಆಗ್ಯಾನ.